ತಾಯಿ ಇಲ್ಲದ ಚಿಪ್ಪುಹಂದಿ ಮರಿ ಬೆಳೆಸೋದು ಹೇಗೆ

ಮೊದಲೇ ಹೇಳಿಬಿಡ್ತೀನಿ, ಇದು ಮನೇಲಿ ಸಾಕೋ ಪ್ರಾಣಿ ಅಲ್ವೇ ಅಲ್ಲ. ಚಿಪ್ಪುಹಂದೀಲಿ ಎಂಟು ಜಾತಿ ಇವೆ, ಏಷ್ಯಾದಲ್ಲಿ ನಾಲ್ಕು ಆಫ್ರಿಕಾದಲ್ಲಿ ನಾಲ್ಕು, ಎಂಟಕ್ಕೂ ಅಳಿವಿನ ಭಯ ಇದೆ, ಅದಕ್ಕೇ 2016ರಲ್ಲಿ ಸೈಟಿಸ್ (ಕಾಡು ಪ್ರಾಣಿ, ಗಿಡಗಳನ್ನ ದೇಶದಿಂದ ದೇಶಕ್ಕೆ ಮಾರೋದಕ್ಕೆ ಕಡಿವಾಣ ಹಾಕೋ ಒಪ್ಪಂದ) ದೇಶಗಳು ಅಷ್ಟನ್ನೂ ಮೊದಲನೇ ಅನುಬಂಧಕ್ಕೆ, ಅಂದ್ರೆ ಅಂಥ ವ್ಯಾಪಾರ ನಿಷೇಧ ಇರೋ ಪಟ್ಟಿಗೆ ಸೇರಿಸಿದ್ವು. ಮರಿ ಸಿಕ್ಕಿದ್ರೆ ಗಾಳಿ ಆಡೋ ಡಬ್ಬದಲ್ಲಿ ಬಟ್ಟೆ ಹಾಸಿ, ಮೇಲೆ ಮುಚ್ಚಿ ಕತ್ತಲು ಮಾಡಿ, ಏನೂ ತಿನ್ನಿಸದೆ ಅರಣ್ಯ ಇಲಾಖೆಗೋ ರೆಸ್ಕ್ಯೂ ಸೆಂಟರ್‌ಗೋ ತಲುಪಿಸಿ. ಮುಂದಿನದೆಲ್ಲ ಪರ್ಮಿಟ್ ಇರೋ ಸೆಂಟರ್‌ನಲ್ಲಿ ವೆಟ್ (ಪಶುವೈದ್ಯರ) ಜೊತೆ ಕೆಲಸ ಮಾಡೋರಿಗೆ.

ಮರಿ ಬಂದ ತಕ್ಷಣ ಹಾಲು ಕುಡಿಸೋಕೆ ಹೋಗ್ಬೇಡಿ, ಮೊದಲು ಮೈ ಬೆಚ್ಚಗಾಗ್ಲಿ. ತಣ್ಣಗಾದ ಮರಿಗೆ ಹಾಲು ಜೀರ್ಣ ಆಗಲ್ಲ. ಚಿಪ್ಪುಹಂದಿ ಮೈಬಿಸಿ ಬೇರೆ ಸಸ್ತನಿಗಳಿಗಿಂತ ಕಮ್ಮಿ, 33ರಿಂದ 35 ಡಿಗ್ರಿ ಆಸುಪಾಸು, ಹಾಗಾಗಿ ನಾಯಿ ಬೆಕ್ಕಿನ ಲೆಕ್ಕ ಹಿಡ್ಕೊಂಡು ಜಾಸ್ತಿ ಕಾಯಿಸಿದ್ರೂ ಅಪಾಯನೇ. ಹೀಟ್ ಪ್ಯಾಡ್ ಡಬ್ಬದ ಅರ್ಧ ಭಾಗಕ್ಕೆ ಮಾತ್ರ ಇರ್ಲಿ, ಸೆಕೆ ಆದ್ರೆ ಮರಿ ತಾನೇ ಆಚೆ ಬದಿಗೆ ಸರಿಯುತ್ತೆ.

ಹಾಲಿಗೆ ಸಾಮಾನ್ಯವಾಗಿ ಬಳಸೋದು ಬೆಕ್ಕಿನ ಮರಿಗಳ ಫಾರ್ಮುಲಾ, ಅಂದ್ರೆ ತಾಯಿ ಹಾಲಿನ ಬದಲು ಕೊಡೋ ಹಾಲು. ಹಸುವಿನ ಹಾಲು ಬೇಡ, ಭೇದಿ ಆಗುತ್ತೆ. ಅಳತೆ ವೆಟ್ ಹೇಳ್ಲಿ, ನೀವು ನೋಡ್ಕೋಬೇಕಾದ್ದು ಕುಡಿಸೋ ರೀತಿ: ಮರಿ ಹೊಟ್ಟೆ ಕೆಳಗಾಗಿ ಇರ್ಬೇಕು, ಮಗು ತರ ಅಂಗಾತ ಮಲಗಿಸಿದ್ರೆ ಹಾಲು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗ್ಬಹುದು. ಸಿರಿಂಜ್ ಒತ್ತಿ ಆತುರ ಪಡಬೇಡಿ, ಅದು ಎಳೆದಷ್ಟೇ ಹೋಗ್ಲಿ. ಉಂಡೆ ಸುತ್ಕೊಂಡ್ರೆ ಬಲವಂತವಾಗಿ ಬಿಡಿಸ್ಬೇಡಿ, ಕಾಯಿರಿ, ಎಷ್ಟೊತ್ತಾದ್ರೂ ಸರಿ. ತೀರಾ ಚಿಕ್ಕದಾದ್ರೆ ಕುಡಿದ ಮೇಲೆ ಒದ್ದೆ ಹತ್ತಿಯಿಂದ ಕೆಳಗೆ ಮೆತ್ತಗೆ ಒರೆಸಿ ಮಲಮೂತ್ರ ಮಾಡಿಸ್ಬೇಕು. ದಿನಾ ಒಂದೇ ಹೊತ್ತಲ್ಲಿ ಗ್ರಾಂ ಲೆಕ್ಕದಲ್ಲಿ ತೂಕ ಬರೆದಿಡಿ, ಚಿಪ್ಪಿನ ಮೇಲಿಂದ ಸೊರಗಿದ್ದು ಕಣ್ಣಿಗೆ ಕಾಣಲ್ಲ.

ನಿಜವಾದ ಕಷ್ಟ ಶುರುವಾಗೋದು ಹಾಲು ಬಿಡಿಸೋವಾಗ. ಇದಕ್ಕೆ ಹಲ್ಲೇ ಇಲ್ಲ, ತಿನ್ನೋದು ಇರುವೆ ಮತ್ತೆ ಗೆದ್ದಲು, ಅದರಲ್ಲೂ ಎಲ್ಲಾ ಜಾತಿ ಇರುವೆ ಮುಟ್ಟಲ್ಲ, ತನಗೆ ಬೇಕಾದ್ದೇ ಬೇಕು. ಬಟ್ಟಲಲ್ಲಿ ಹಾಕಿಟ್ರೆ ತಿನ್ನುತ್ತೆ ಅಂತ ನಂಬ್ಕೊಂಡು ಕೂರೋ ಹಾಗಿಲ್ಲ. ಕಾಡಲ್ಲಿ ಮರಿ ತಾಯಿಯ ಬಾಲದ ಬುಡದಲ್ಲಿ ಕೂತು ಸವಾರಿ ಮಾಡ್ತಾ ಅವಳ ಜೊತೆ ಊಟದ ಜಾಗಕ್ಕೆಲ್ಲ ಹೋಗುತ್ತೆ, ಆ ಕೆಲಸ ಈಗ ನಿಮ್ದು. ಜಿಂಬಾಬ್ವೆಯ ಟಿಕಿ ಹೈವುಡ್ ಫೌಂಡೇಶನ್‌ನಲ್ಲಿ ಒಂದೊಂದು ಚಿಪ್ಪುಹಂದಿಗೂ ಒಬ್ಬೊಬ್ಬ ಪಾಲಕ ಇರ್ತಾರೆ, ಅದು ದಿನಾ ಗಂಟೆಗಟ್ಲೆ ಇರುವೆ ಹುಡುಕ್ತಾ ಅಲೆಯೋವಾಗ ಹಿಂದೆ ಹಿಂದೆ ನಡೀತಾರೆ, ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ನೀವೂ ಹುತ್ತ, ಕೊಳೆತ ದಿಮ್ಮಿ, ಎಲೆ ರಾಶಿ ಇರೋ ಕಡೆ ಬಿಡಿ, ಆಮೇಲೆ ದಾರಿ ಅದು ತೋರಿಸ್ಲಿ. ಫೋನ್ ಸೈಲೆಂಟ್, ಮಾತು ಬೇಡ, ಫೋಟೋಗೆ ಜನ ಕರೀಬೇಡಿ. ಸ್ಟ್ರೆಸ್ ಆದ್ರೆ ಇವಕ್ಕೆ ಹೊಟ್ಟೇಲಿ ಹುಣ್ಣಾಗೋದು ಉಂಟು, ಅದು ಹೊರಗಿಂದ ಗೊತ್ತೂ ಆಗಲ್ಲ.

ಒಬ್ಬರೇ ನೋಡ್ಕೊಂಡ್ರೆ ಮರಿ ಬೇಗ ಹೊಂದ್ಕೊಳ್ಳುತ್ತೆ ನಿಜ, ಆದ್ರೆ ಬೆಳೀತಾ ಬೆಳೀತಾ ಎತ್ಕೊಳ್ಳೋದು, ಮುದ್ದು ಮಾಡೋದು ಕಮ್ಮಿ ಮಾಡ್ತಾ ಬನ್ನಿ. ಮನಸ್ಸಿಗೆ ನೋವಾಗುತ್ತೆ, ಆದ್ರೂ ಮಾಡ್ಲೇಬೇಕು, ಮನುಷ್ಯರನ್ನ ಕಂಡ್ರೆ ಹೆದರದ ಚಿಪ್ಪುಹಂದಿ ಬೇಟೆಗಾರರ ಕೈಗೆ ಸುಲಭವಾಗಿ ಸಿಗುತ್ತೆ.

ಬಿಡೋ ಹೊತ್ತಿಗೆ ಅದು ತಾನೇ ತಿಂದು ತೂಕ ಉಳಿಸ್ಕೊಳ್ತಿರ್ಬೇಕು, ತಾನೇ ಬಿಲ ಹುಡುಕ್ತಿರ್ಬೇಕು. ಚಿಪ್ಪಿಗೆ ರೇಡಿಯೋ ಟ್ಯಾಗ್ ಹಾಕಿ ಬಿಡಿ, ಆಮೇಲೂ ಹುಡುಕಿ ಹಿಡಿದು ತೂಗ್ತಾ ಇರಿ, ತೂಕ ಇಳೀತಾನೇ ಇದ್ರೆ ವಾಪಸ್ ತಂದು ಮತ್ತೆ ಜೊತೇಲಿ ನಡೆಯೋಕೆ ಶುರು ಮಾಡಿ.