ಪೋಲರಾಯ್ಡ್ ಹಾಳೆಯಿಂದ ಧ್ರುವೀಕರಣ ಅಳೆಯುವುದು

ಧ್ರುವೀಕರಣ ಎಂದರೆ ಬೆಳಕಿನ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುವುದು. ಗಾಮಾ ಕಿರಣ ಸ್ಫೋಟ (ಬಲು ದೂರದ ಆಕಾಶದಲ್ಲಿ ದಿಢೀರನೆ ಮಿಂಚುವ ಭಾರಿ ಸ್ಫೋಟ) ಆದಮೇಲೆ ಉಳಿದು ಮಂಕಾಗುತ್ತ ಹೋಗುವ ಉಳಿಬೆಳಕಿನ ಧ್ರುವೀಕರಣವನ್ನು ಮಡಿಕೇರಿಯಲ್ಲಿ ಮೊಬೈಲ್ ಹಿಡಿದು ಅಳೆಯಲಾಗದು. ಅಳೆಯುವ ಕ್ರಮವನ್ನು ಮಾತ್ರ ನಮ್ಮ ಆಕಾಶದ ಮೇಲೆಯೇ ಕಲಿಯಬಹುದು. ಪಿಯುಸಿ ಮಕ್ಕಳಿಗೆ ನಾನು ಹೇಳಿಕೊಡುವುದು ಹೀಗೆ.

ಮಳೆಗಾಲದಲ್ಲಿ ಕೈಹಾಕಬೇಡಿ. ಜನವರಿಯಲ್ಲಿ, ಕಾಫಿ ಕಣದಲ್ಲಿ ಒಣಗುವ ಹೊತ್ತಿಗೆ, ಮಂಜಿಲ್ಲದ ಸಂಜೆ ನೋಡಿಕೊಳ್ಳಿ; ಮಂಜಿದ್ದರೆ ಧ್ರುವೀಕರಣ ಕುಗ್ಗುತ್ತದೆ. ಸೂರ್ಯ ಮುಳುಗುವಾಗ ನೆತ್ತಿಯ ಮೇಲಿನ ನೀಲಿಗೆ ಮೊಬೈಲ್ ಹಿಡಿಯಿರಿ. ಸೂರ್ಯನಿಂದ 90 ಡಿಗ್ರಿ ದೂರದಲ್ಲೇ ಧ್ರುವೀಕರಣ ಹೆಚ್ಚು. ಎಕ್ಸ್‌ಪೋಷರ್ ಲಾಕ್ ಮಾಡಿ, ರಾ ಫೈಲಿನಲ್ಲೇ (ಫೋನ್ ತಿದ್ದದ ಮೂಲ ಚಿತ್ರ) ತೆಗೆಯಿರಿ. ಲೆನ್ಸಿನ ಮುಂದೆ ಒಂದು ದಿಕ್ಕಿನ ಕಂಪನವನ್ನಷ್ಟೇ ಬಿಡುವ ಪೋಲರಾಯ್ಡ್ ಹಾಳೆಯನ್ನು 0, 90, 45, 135 ಡಿಗ್ರಿಗೆ ತಿರುಗಿಸಿ ನಾಲ್ಕು ಚಿತ್ರ.

ನಾಲ್ಕರಲ್ಲೂ ಒಂದೇ ಜಾಗದ ಪ್ರಕಾಶ ಓದಿ. 0 ಮತ್ತು 90ರ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಕ್ಯೂ. 45, 135ರಿಂದ ಹಾಗೆಯೇ ಯು. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಧ್ರುವೀಕರಣದ ಪ್ರಮಾಣ. ಅದೇ ಕ್ರಮದಲ್ಲಿ 110, 90, 104, 96 ಬಂದಿದ್ದರೆ ಉತ್ತರ ಸುಮಾರು 11%.

ದೊಡ್ಡ ದೂರದರ್ಶಕದವರ ಲೆಕ್ಕವೂ ಇದೇ, ಪಾಡು ಮಾತ್ರ ಬೇರೆ. 1999ರ ಮೇ 10ರ ಸ್ಫೋಟದ ಉಳಿಬೆಳಕಿನಲ್ಲಿ ಚಿಲಿಯ ದೊಡ್ಡ ದೂರದರ್ಶಕ ವಿಎಲ್‌ಟಿಗೆ ಸಿಕ್ಕಿದ್ದು 1.7% ಅಷ್ಟೇ. ಸ್ಫೋಟಕ್ಕೂ ನಮಗೂ ನಡುವಿನ ಧೂಳೂ ಬೆಳಕನ್ನು ಧ್ರುವೀಕರಿಸುವುದರಿಂದ ಅದೇ ಚಿತ್ರದ ನಕ್ಷತ್ರಗಳನ್ನೂ ಅಳೆದು, ಅವುಗಳ ಕ್ಯೂ, ಯು ಕಳೆಯಬೇಕು. ತಡ ಮಾಡುವಂತೆಯೂ ಇಲ್ಲ: 2012ರ ಮಾರ್ಚ್ 8ರ ಸ್ಫೋಟವನ್ನು ಲಿವರ್‌ಪೂಲ್ ಟೆಲಿಸ್ಕೋಪ್ ನಾಲ್ಕು ನಿಮಿಷದಲ್ಲಿ ಹಿಡಿದಾಗ 28% ಇದ್ದದ್ದು ಮುಂದಿನ ಹತ್ತು ನಿಮಿಷದಲ್ಲಿ 16%ಕ್ಕೆ ಇಳಿಯಿತು. ಧ್ರುವೀಕರಣದ ಕೋನ, ಅಂದರೆ ಕಂಪನದ ದಿಕ್ಕು, ಹೆಚ್ಚು ಕದಲಲಿಲ್ಲ. ಸ್ಫೋಟದಿಂದ ಚಿಮ್ಮಿದ ದ್ರವ್ಯದ ಧಾರೆಯೊಳಗೆ ಕ್ರಮಬದ್ಧ ಕಾಂತಕ್ಷೇತ್ರ ಇದೆಯೆಂಬ ವಾದಕ್ಕೆ ಅದೇ ಬಲ. ಹಾಗಾಗಿ ಪ್ರಮಾಣದ ಜೊತೆ ಕೋನವನ್ನೂ ಬರೆದಿಡಿ.