ಬುರುಡೆ ಒಳಗಿನ ಒತ್ತಡ (ಐಸಿಪಿ) ಏರಿದ್ರೆ ನಾನು ಮೊದ್ಲು ನೋಡೋದು ಕುತ್ತಿಗೆ

ನ್ಯೂರೋ ಐಸಿಯುನಲ್ಲಿ ಸ್ಟಾಫ್ ನರ್ಸ್ ಆಗಿ ಹನ್ನೊಂದು ವರ್ಷ ಆಯ್ತು. ಮೆದುಳಿಗೆ ರಕ್ತ ಹೋಗ್ತಾ ಇದ್ಯಾ ಅಂತ ಎಲ್ರೂ ಬಿಪಿ ನೋಡ್ತಾರೆ, ಹೋಗಿದ್ದು ವಾಪಸ್ ಇಳೀತಾ ಇದ್ಯಾ ಅಂತ ಮೊದಮೊದ್ಲು ನಾನೂ ಯೋಚ್ನೆ ಮಾಡ್ತಿರ್ಲಿಲ್ಲ.

ಒಂದು ನೈಟ್ ಡ್ಯೂಟಿ. ಬೈಕಿಂದ ಬಿದ್ದು ತಲೆಗೆ ಪೆಟ್ಟಾದ ಹುಡುಗ, ವೆಂಟಿಲೇಟರ್ ಮೇಲಿದ್ದ, ಬುರುಡೆ ಒಳಗಿನ ಒತ್ತಡ ತೋರ್ಸೋ ಐಸಿಪಿ ಮಾನಿಟರ್ ಹಾಕಿದ್ರು. ಸಂಜೆಯಿಂದ 15ರ ಆಸುಪಾಸಲ್ಲಿದ್ದದ್ದು ಮಗ್ಗುಲು ಬದಲಾಯಿಸಿದ ಮೇಲೆ 26 ಆಯ್ತು. 22 ದಾಟಿದ್ರೆ ಸುಮ್ನೆ ಕೂರೋ ಹಾಗಿಲ್ಲ. ಜೂನಿಯರ್‌ನ ಮೆದುಳಿನ ಊತ ಇಳಿಸೋ ಔಷಧಿ ಮ್ಯಾನಿಟಾಲ್ ತರೋಕೆ ಕಳ್ಸಿ, ಡಾಕ್ಟ್ರಿಗೆ ಫೋನ್ ಮಾಡ್ತಾ ಬೆಡ್ ಹತ್ರ ಬಂದ್ರೆ ಅವನ ತಲೆ ವೆಂಟಿಲೇಟರ್ ಕಡೆ ವಾಲಿತ್ತು, ಮುಖ ಊದಿದ್ರಿಂದ ಟ್ಯೂಬ್ ಕಟ್ಟಿದ್ದ ಪಟ್ಟಿ ಕುತ್ತಿಗೆಗೆ ಕಚ್ಕೊಂಡಿತ್ತು, ಒಂದು ಬೆರಳೂ ತೂರ್ತಿರ್ಲಿಲ್ಲ. ಒಬ್ರು ಟ್ಯೂಬ್ ಹಿಡ್ಕೊಂಡ್ರು, ನಾನು ಪಟ್ಟಿ ಬಿಚ್ಚಿ ಸಡಿಲವಾಗಿ ಕಟ್ಟಿದೆ, ತಲೆ ನೇರ ಮಾಡಿ ಎರಡೂ ಕಡೆ ಟವೆಲ್ ಸುತ್ತಿ ಇಟ್ಟು, ಬೆಡ್ 30 ಡಿಗ್ರಿ ಎತ್ತಿದೆ. 24, 21, ಆಮೇಲೆ 17. ಡಾಕ್ಟ್ರು ಬಂದು ನೋಡಿ ಮ್ಯಾನಿಟಾಲ್ ಸದ್ಯ ಬೇಡ ಅಂದ್ರು.

ಬುರುಡೆ ಹಿಗ್ಗಲ್ಲ ನೋಡಿ, ಅದೇ ಮುಖ್ಯ. ನಿಮಿಷಕ್ಕೆ ಸುಮಾರು 750 ಎಂಎಲ್ ರಕ್ತ ಒಳಗೆ ಹೋಗುತ್ತೆ, ಅಷ್ಟೂ ವೇನ್‌ಗಳಲ್ಲಿ, ಅಂದ್ರೆ ರಕ್ತ ಹೃದಯಕ್ಕೆ ವಾಪಸ್ ತರೋ ನಾಳಗಳಲ್ಲಿ, ಇಳಿದು ಹೊರಗೆ ಬರ್ಬೇಕು, ಮಲಗಿದ್ದಾಗ ಹೆಚ್ಚಿನದು ಕತ್ತಿನ ಎರಡು ಜುಗುಲರ್ ವೇನ್‌ಗಳಿಂದಾನೇ. ಯಾವಾಗ ನೋಡಿದ್ರೂ ಮೆದುಳಲ್ಲಿರೋ ರಕ್ತದಲ್ಲಿ ಅರ್ಧಕ್ಕಿಂತ ಜಾಸ್ತಿ ಇರೋದು ವೇನ್‌ಗಳಲ್ಲೇ. ಅವುಗಳ ಗೋಡೆ ತೆಳು, ಹೊರಗಿಂದ ಸ್ವಲ್ಪ ಒತ್ತಿದ್ರೂ ಚಪ್ಪಟೆ ಆಗುತ್ತೆ, ರಕ್ತ ಹಿಂದಕ್ಕೆ ಕಟ್ಕೊಳ್ಳುತ್ತೆ, ಒತ್ತಡ ಏರುತ್ತೆ, ಆಗ ಹೊಸ ರಕ್ತ ಒಳಗೆ ನುಗ್ಗೋದೂ ಕಷ್ಟ. ಆ ಹುಡುಗನ ಸರಾಸರಿ ಬಿಪಿ 84 ಇತ್ತು. ಅದ್ರಲ್ಲಿ ಐಸಿಪಿ ಕಳೆದ್ರೆ ಉಳಿಯೋದು ಮೆದುಳಿಗೆ ರಕ್ತ ತಳ್ಳೋ ಒತ್ತಡ: 26 ಕಳೆದ್ರೆ 58, 17 ಕಳೆದ್ರೆ 67. ನಮಗೆ ಬೇಕಿದ್ದದ್ದು 60ರಿಂದ 70. ಬಿಪಿ ಔಷಧಿ ಮುಟ್ಟದೇನೇ ಅಷ್ಟು ಸಿಕ್ತು!

ಎಲ್ರಿಗೂ ಇಷ್ಟೇ ಸಾಕಾಗಲ್ಲ, ಮೆದುಳೇ ಊದಿದ್ರೆ ಔಷಧಿ, ಆಪರೇಷನ್ ಬೇಕೇ ಬೇಕು. ಬೆನ್ನುಮೂಳೆಗೆ ಪೆಟ್ಟಾಗಿರೋ ಅನುಮಾನ ಇದ್ರೆ ಬೆಡ್ ಮಡಚಬಾರ್ದು, ಇಡೀ ಬೆಡ್ ಓರೆ ಮಾಡ್ಬೇಕು.

ಬೆಳಿಗ್ಗೆ ಅವನ ಅಮ್ಮ ಬಂದು "ಸಿಸ್ಟರ್, ದಿಂಬು ಯಾಕಮ್ಮ ತೆಗ್ದ್ರಿ, ಕತ್ತು ನೋಯಲ್ವಾ" ಅಂತ ಕೇಳಿದ್ರು. "ದಿಂಬಿಂದ ಕತ್ತು ಮಡಚ್ಕೊಂಡ್ರೆ ತಲೆಯಿಂದ ರಕ್ತ ಇಳಿಯಲ್ಲಮ್ಮ" ಅಂದೆ. ಆಮೇಲೆ ದಿನಾ ಒಳಗೆ ಬಿಟ್ಟ ತಕ್ಷಣ ಆಯಮ್ಮ ಕಾಲ್ಗಡೆ ನಿಂತು, ಮಗನ ಗದ್ದ ಎದೆಗೆ ನೇರ ಇದ್ಯಾ ಅಂತ ನೋಡಿ, ಆಮೇಲೇ ಕೈ ಹಿಡ್ಕೊಳ್ಳೋರು.