ಹೊಲದಲ್ಲಿ ಹೂತ ಪಂಚೆ

ಮಣ್ಣಿನ ಸೂಕ್ಷ್ಮಜೀವಿ ಹೆಚ್ಚಲಿ ಅಂತ ಬೇಸಿಗೆಯಲ್ಲಿ ಜೀವಾಮೃತ ಸುರಿದು ಏಮಾರಿದವನು ನಾನು. ತುಮಕೂರು ಕಡೆ 2 ಎಕರೆ ಕೆಮ್ಮಣ್ಣಿನ ರಾಗಿ ಹೊಲ, ಮಳೆ ನಂಬಿದ್ದು. ಮಾರ್ಚಿಯಲ್ಲಿ ಬಿಡುವಿರುತ್ತೆ ಅಂತ 200 ಲೀಟರ್ ಡ್ರಮ್ಮಿಗೆ 10 ಕೆಜಿ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಹುರುಳಿ ಹಿಟ್ಟು ಕಲಸಿ ಕಾದ ಹೊಲಕ್ಕೆ ಎರಚಿದ್ದೇ ಎರಚಿದ್ದು. ರಾಗಿಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ.

ಮಣ್ಣಿನೊಳಗಿನ ಜೀವ ಯಾವಾಗ ಎಚ್ಚರವಿರುತ್ತದೆ ಅಂತ ನೋಡಲು ಹತ್ತಿ ಬಟ್ಟೆ ಸಾಕು. ಹತ್ತಿಯೆಂದರೆ ಬಹುಪಾಲು ಸೆಲ್ಯುಲೋಸ್. ಶಿಲೀಂಧ್ರ, ಬ್ಯಾಕ್ಟೀರಿಯಾಗಳಿಗೆ ಊಟ. ಪಂಚೆ ಹರಿದು, ಅರ್ಧ ಗೇಣು ಆಳದಲ್ಲಿ ತುಂಡು ಹೂತು, ಗುರುತಿಗೆ ಕಡ್ಡಿ ನೆಟ್ಟು, ತಿಂಗಳಿಗೆ ತೆಗೆಯುವುದು. "ಒಳ್ಳೇ ಪಂಚೆನ ಮಣ್ಣುಪಾಲು ಮಾಡ್ತಿದೀಯಲ್ಲೋ" ಅಂತ ಅವ್ವ ಬೈದಳು.

ಮಾರ್ಚಿಯ ತುಂಡು ಹೋದ ಹಾಗೇ ವಾಪಸ್ ಬಂತು. ಅವ್ವ ಒಗೆದು ಮಸಿಬಟ್ಟೆ ಮಾಡಿಕೊಂಡಳು. ಆಶ್ಲೇಷ ಮಳೆಯಲ್ಲಿ ಹೂತದ್ದನ್ನು ತೋಡಿದರೆ ಸಿಕ್ಕಿದ್ದು ಅಂಚಿನ ನೈಲಾನ್ ಎಳೆ ಮಾತ್ರ. ಮಾಗಿಯದು ಎರಡು ಥರ: ಬೋಳು ನೆಲದಲ್ಲಿ ಅಲ್ಲಲ್ಲಿ ತೂತು, ಅವರೆ ಹೊಟ್ಟು ಮುಚ್ಚಿದ ಕಡೆ ಜರಡಿ. ಹೊಟ್ಟಿನಡಿ ಬೆರಳಿಟ್ಟರೆ ತೇವ ತಗುಲುತ್ತಿತ್ತು. ರಾಗಿ ನಡುವೆ ಅಕ್ಕಡಿ ಸಾಲಿನಲ್ಲಿ ಹಾಕಿದ ಅವರೆಯ ಬೇರಿನ ಗಂಟಲ್ಲಿ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾಕ್ಕೂ ಹೀಗೇ ಹೊತ್ತುಗೊತ್ತು: ಹೂವಿನ ಹೊತ್ತಿಗೆ ಚಿವುಟಿದರೆ ಗಂಟಿನೊಳಗೆ ನಸುಗೆಂಪು, ಅಂದರೆ ಕೆಲಸ ನಡೆದಿದೆ; ಕಾಯಿ ಬಲಿತ ಮೇಲೆ ಕಂದು, ಕೆಲಸ ಮುಗಿದಿದೆ.

ಬೇಸಿಗೆಯಲ್ಲಿ ಈ ಸೂಕ್ಷ್ಮಜೀವಿಗಳೆಲ್ಲವೂ ಸಾಯುವುದಿಲ್ಲ. ಕೆಲವು ಬೀಜಕಣವಾಗಿ, ಕೆಲವು ಹೆಂಟೆಯ ಸಂದಿಯಲ್ಲಿ ಒಣಗಿ ಕೂತಿರುತ್ತವೆ. (ಮೊದಲ ಮಳೆಯ ಘಮ ಇದೆಯಲ್ಲ, ಅದರಲ್ಲಿ ಆಕ್ಟಿನೋಮೈಸೀಟ್ ಎಂಬ ಮಣ್ಣಿನ ಬ್ಯಾಕ್ಟೀರಿಯಾಗಳು ಮಾಡಿಟ್ಟ ಜಿಯೋಸ್ಮಿನ್ ಎಂಬ ವಾಸನೆಯ ವಸ್ತು ಇರುತ್ತದೆ.) ಏಪ್ರಿಲ್ ಕೊನೆಗೆ ಭರಣಿ ಮಳೆ ಬಿದ್ದದ್ದೇ ತಡ, ಉಳಿದವು ಎದ್ದು, ಸತ್ತ ಜೊತೆಗಾರರನ್ನೇ ತಿಂದು, ಕೆಲವೇ ದಿನದಲ್ಲಿ ಸಾರಜನಕ ಬಿಡಿಸುತ್ತವೆ. ಪೂರ್ವ ಆಫ್ರಿಕಾದ ಮಣ್ಣಿನಲ್ಲಿ ಇದನ್ನು ಕಂಡು 1958ರಲ್ಲಿ ವಿವರಿಸಿದ ವಿಜ್ಞಾನಿ ಬರ್ಚ್ ಹೆಸರಿನಲ್ಲೇ ಇದನ್ನು 'ಬರ್ಚ್ ಪರಿಣಾಮ' ಎಂದು ಕರೆಯುತ್ತಾರೆ. ನನ್ನ ಗೋಳೇನೆಂದರೆ, ರಾಗಿ ಬಿತ್ತುವುದು ಜುಲೈಗೆ. ಅಷ್ಟರಲ್ಲಿ ಆ ಸಾರ ಮಳೆ ನೀರಿನೊಂದಿಗೆ ಬೇರಿಗೆ ಸಿಗದಷ್ಟು ಕೆಳಗೆ ಇಳಿದಿರುತ್ತದೆ. ಹೊಲ ಖಾಲಿ ಬಿಟ್ಟು, ಆಮೇಲೆ ಯೂರಿಯಾ ಅಂಗಡಿ ಮುಂದೆ ನಿಲ್ಲುತ್ತಿದ್ದೆ!

ಈಗ ಆ ಸಾರ ಹಿಡಿದಿಡಲಿ ಅಂತ ಭರಣಿಗೇ ಹೆಸರುಕಾಳು, ಅಲಸಂದೆ ಚೆಲ್ಲಿ, ಹೂ ಕಂಡಾಗ ಗಿಡಗಳನ್ನು ಮಣ್ಣಿಗೆ ಮಗುಚುತ್ತೇನೆ. ಜೀವಾಮೃತ ನೆಲ ಹಸಿಯಿದ್ದಾಗ ಮಾತ್ರ, ಅದೂ ಸಾಯಂಕಾಲ. ಈ ಸಲ ಭರಣಿ ಕೈಕೊಟ್ಟಿತು. ಬಿತ್ತನೆ ಕೃತ್ತಿಕೆಗೆ ಜಾರಿ, ಹೂ ಬರುವ ಮೊದಲೇ ಮಗುಚಬೇಕಾಯಿತು. ಆ ತಾಕಿನಲ್ಲೂ ಒಂದು ತುಂಡು ಹೂತಿದ್ದೇನೆ, ಅವ್ವನಿಗೆ ಹೇಳಿಲ್ಲ.